ಪಟ್ಟಿಯಲ್ಲಿ ಬರೆಯದ ಗುಡ್ಡ

ಕೊಟ್ರೇಶಣ್ಣ ಬದುಕಿರುವಾಗಲೇ ಅವನ ಫೋಟೊಗೆ ಹಾರ ಬಿದ್ದಿತ್ತು. ವಾರಕ್ಕೆ ಐದು ದಿನ, ಸಂಜೆ ಏಳೂವರೆಗೆ, ಟಿವಿಯಲ್ಲಿ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತ ಅವನು ಆ ಫೋಟೊ ನೋಡುತ್ತ ಕೂರುತ್ತಿದ್ದ. ಧಾರಾವಾಹಿಯ ಸೊಸೆಯಂದಿರು ಅದರ ಮುಂದೆ ನಿಂತು ಅಳುತ್ತಿದ್ದರು, ಜಗಳವಾಡುತ್ತಿದ್ದರು, ದೀಪ ಹಚ್ಚುತ್ತಿದ್ದರು. ಇವನು ಅವರ ಮಾತು ಕೇಳುತ್ತಲೇ ಇರಲಿಲ್ಲ. "ಲೇ ವಿರುಪಾಕ್ಷಿ, ನಿನ್ನೆ ಹಾರ ಎಡಕ್ಕ ವಾಲಿತ್ತು, ಇವತ್ತು ನೆಟ್ಟಗೈತಿ. ಕೇಳೋರೇ ಇಲ್ಲ ನೋಡು" ಎಂದು ಪಕ್ಕದಲ್ಲಿ ಕೂತ ನನ್ನ ಹತ್ತಿರ ಗೊಣಗುತ್ತಿದ್ದ.

ಅವನು ಕಂಪ್ಲಿಯವನು. ಅಪ್ಪನ ಅಕ್ಕಿ ಗಿರಣಿ ಬಿಟ್ಟು ಬೆಂಗಳೂರಿಗೆ ಹೋಗಿ, ಹತ್ತಾರು ಧಾರಾವಾಹಿಗಳಲ್ಲಿ ಪೊಲೀಸು, ಡಾಕ್ಟರು, ಬ್ಯಾಂಕ್ ಮ್ಯಾನೇಜರು ಆಗಿ, ಕೊನೆಗೆ ಒಂದು ದಿನನಿತ್ಯದ ಧಾರಾವಾಹಿಯಲ್ಲಿ ಮನೆಯ ಹಿರಿಯಣ್ಣನ ಪಾತ್ರ ಹಿಡಿದಿದ್ದ. ಮೂರು ವರ್ಷ ಆ ಪಾತ್ರ ಅವನನ್ನು ಸಾಕಿತು. ಆಮೇಲೆ ಕಾಮಾಲೆ ಬಂತು. ನಲವತ್ತು ದಿನ ಪಥ್ಯ ಮಾಡಿ ಎದ್ದು ಸೆಟ್ಟಿಗೆ ಹೋದರೆ, ಅಲ್ಲಿನ ನಿರ್ದೇಶಕ ಇವನ ಸೊರಗಿದ ಮುಖವನ್ನು ಎರಡು ಸಲ ನೋಡಿ, "ಕಂಟಿನ್ಯೂಟಿ ಬರಲ್ಲ" ಅಂದನಂತೆ. ನಿನ್ನೆಯ ಕಂತಿನಲ್ಲಿ ತುಂಬಿದ ಕೆನ್ನೆ, ಇವತ್ತಿನ ಕಂತಿನಲ್ಲಿ ಕುಳಿ ಬಿದ್ದ ಕೆನ್ನೆ, ನೋಡುವವರು ಒಪ್ಪುವುದಿಲ್ಲ ಎಂದು. ಆ ವಾರವೇ ಹಿರಿಯಣ್ಣ ರಸ್ತೆ ಅಪಘಾತದಲ್ಲಿ ಸತ್ತ. ಹಳೆಯ ತುಂಬು ಕೆನ್ನೆಯ ಫೋಟೊ ಗೋಡೆ ಏರಿತು. ಅದರದೇ ಇನ್ನೊಂದು ಪ್ರತಿಗೆ ಕಟ್ಟು ಹಾಕಿಸಿ ಇವನ ಕೈಗೂ ಕೊಟ್ಟು ಕಳಿಸಿದರು.

ಹೀಗೆ ಸತ್ತು ಹೊಸಪೇಟೆಗೆ ಬಂದವನು ನನ್ನ ಫೋಟೊ ಸ್ಟುಡಿಯೊದ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದ. ಹೆಂಡತಿ ಅನ್ನಪೂರ್ಣಕ್ಕ ಕಂಪ್ಲಿಯಲ್ಲೇ ಇದ್ದರು. "ಇನ್ಮ್ಯಾಲೆ ನಟನೆ ಸಾಕು. ಡೈರೆಕ್ಷನ್ನು" ಎಂದು ಘೋಷಿಸಿದ. ಅನ್ನಪೂರ್ಣಕ್ಕ ನನ್ನ ಎದುರಿಗೇ, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವಂತ" ಅಂದರು. ಅವನು ಅದಕ್ಕೂ ನಕ್ಕ. ಆಮೇಲೆ ಮನೆಯಲ್ಲಿ ಕೆಲಸದ ವಿಷಯ ಎತ್ತುವುದನ್ನೇ ಬಿಟ್ಟುಬಿಟ್ಟ.

ಅದು ಅದಿರಿನ ಲಾರಿಗಳ ಕಾಲ. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಮೊದಲು ದಣಿವೇ ಆಗುತ್ತದೆ. ಬೆಳಗಾದರೆ ಯಾರದೋ ಹೊಸ ಲಾರಿಯ ಪೂಜೆ. ಗಾಲಿಯ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವು, ಮುಂದೆ ಸಾಲಾಗಿ ನಿಂತ ಮನೆಮಂದಿ, ಅವರ ಮುಂದೆ ನಾನು. ಮದುವೆಯಲ್ಲಿ ಹೆಣ್ಣು-ಗಂಡಿಗೆ ತೆಗೆದದ್ದಕ್ಕಿಂತ ಹೆಚ್ಚು ಫೋಟೊ ಲಾರಿಗಳಿಗೆ ತೆಗೆದಿದ್ದೇನೆ. ಸ್ಟುಡಿಯೊದ ಗಾಜು ಒರೆಸಿ ತಿರುಗುವಷ್ಟರಲ್ಲಿ ಮತ್ತೆ ಕೆಂಪು ಧೂಳು. ಬಿಳಿ ಅಂಗಿ ಎಂಬುದು ಊರಿನಲ್ಲಿ ಉಳಿದಿರಲಿಲ್ಲ. ಅಂಥ ಊರಿನಲ್ಲಿ ಕೂತು ಕೊಟ್ರೇಶಣ್ಣ ಅಕ್ಕತಂಗಿಯರ ಕಥೆ ಬರೆಯುತ್ತಿದ್ದ.

ಒಂದೇ ಗೋಡೆಯ ಆಚೆ ಈಚೆ ಇದ್ದು, ಹನ್ನೆರಡು ವರ್ಷ ಮಾತು ಬಿಟ್ಟ ಅಕ್ಕತಂಗಿಯರು. ಒಂದು ಮುಂಜಾನೆ ಅಕ್ಕ ಕಟ್ಟೆಯ ಮೇಲೆ ಬಂದು ಕೂರುತ್ತಾಳೆ, ಅದೇ ದಿನ ಸಂಜೆ ತಂಗಿಯನ್ನು ಹೆಸರು ಹಿಡಿದು ಕರೆಯುತ್ತಾಳೆ. ನಡುವಿನದೆಲ್ಲ ಅವಳ ನೆನಪು. ಇಷ್ಟನ್ನು ಮೂರು ಕಂತು ಮಾಡಿ ಒಂದು ಚಾನೆಲ್ಲಿಗೆ ತೋರಿಸಬೇಕು, ಅವರು ಒಪ್ಪಿದರೆ ಉಳಿದ ಕಂತುಗಳು. ಒಪ್ಪದಿದ್ದರೆ? ಅದನ್ನು ನಾನು ಒಮ್ಮೆ ಕೇಳಿದ್ದೆ. "ಒಪ್ಪದಿದ್ರ ನಾ ಆ ಹಾರ ಹಾಕಿದ ಫೋಟೊನ ಆಗಿ ಉಳಿತೀನಿ. ಅಷ್ಟ" ಅಂದ. ತಮಾಷೆಯ ದನಿಯಲ್ಲೇ ಅಂದ, ಆದರೆ ಕೈಯಲ್ಲಿದ್ದ ಚಹಾ ಕುಡಿಯಲಿಲ್ಲ.

ನನ್ನನ್ನು ಕಂಟಿನ್ಯೂಟಿಗೆ ಇಟ್ಟುಕೊಂಡ. ರೋಲ್ ಬೇಡದ ಹೊಸ ಕ್ಯಾಮೆರಾ ನನ್ನ ಹತ್ತಿರ ಬಂದಿತ್ತು, ಅದೇ ನನ್ನ ಯೋಗ್ಯತೆ. ಪ್ರತಿ ಶಾಟಿನ ಮೊದಲು ಪಾತ್ರಧಾರಿಯ ಜಾಗದಲ್ಲಿ ತಾನೇ ಕೂರುತ್ತಿದ್ದ, ನಾನು ಫೋಟೊ ಹೊಡೆದು ಸುತ್ತಲಿನದನ್ನೆಲ್ಲ ಪಟ್ಟಿ ಮಾಡಬೇಕಿತ್ತು. ಬಳೆ ಎಷ್ಟು, ತಟ್ಟೆಯಲ್ಲಿ ಅಡಿಕೆ ಹೋಳು ಎಷ್ಟು, ಸೆರಗು ಯಾವ ಭುಜಕ್ಕೆ. "ನೋಡೋರಿಗೆ ತಿಳಿಯಲ್ಲ ಅನ್ನಬ್ಯಾಡ. ತಿಳಿಯೋದು ನೋಡೋರಿಗೇ" ಎಂಬುದು ಅವನ ಮಂತ್ರ. ಈ ಹುಚ್ಚು ಎಲ್ಲಿಯವರೆಗೆ ಹೋಗಿತ್ತೆಂದರೆ, ಚಹಾದಂಗಡಿಯಲ್ಲಿ ನಾನು ನಿನ್ನೆಯ ಬೆಂಚು ಬಿಟ್ಟು ಬೇರೆ ಬೆಂಚಿನಲ್ಲಿ ಕೂತರೆ ಎಬ್ಬಿಸುತ್ತಿದ್ದ. ನನ್ನ ತಂಗಿಯ ಮದುವೆಯಲ್ಲಿ, ಅಕ್ಷತೆ ಬೀಳುವ ಹೊತ್ತಿನಲ್ಲಿ, "ಮುಂಜಾನೆ ಎಡಗೈಯಾಗ ಒಂದು ಬಳಿ ಜಾಸ್ತಿ ಇತ್ತಲ್ಲವಾ?" ಎಂದು ಮದುಮಗಳನ್ನೇ ಕೇಳಿ, ನಮ್ಮವ್ವನಿಂದ ಬೈಸಿಕೊಂಡಿದ್ದ. ಬಳೆ ಒಡೆದದ್ದನ್ನು ಯಾರಿಗೂ ಹೇಳದೆ ಇದ್ದವಳು ಮಂಟಪದಲ್ಲೇ ಅಳಲು ಶುರು ಮಾಡಿದಳು.

ಚಿತ್ರೀಕರಣ ಎಂದರೆ ಹಂಪಿಗೆ ಓಡುವುದು ಎಲ್ಲರ ರೂಢಿ. ಇವನು ಮಾತ್ರ ಬಂಡ್ರಿಯ ಆಚೆಗಿನ ಒಂದು ಹಳ್ಳಿ ಹುಡುಕಿದ. ಹನುಮಂತಪ್ಪ ಎಂಬವರ ಮನೆ. ಮುಂದೆ ಕಲ್ಲುಕಟ್ಟೆ, ಪಕ್ಕಕ್ಕೆ ಒಂದು ಬೇವಿನ ಮರ, ಹಿಂದೆ ಗುಡ್ಡ. ಮಲಗಿದ ಎತ್ತಿನ ಹಾಗೆ, ಹೆಗಲ ಮೇಲಿನ ಡುಬ್ಬ ಸಮೇತ. ಅಕ್ಕನ ಪಾತ್ರಕ್ಕೆ ಮರಿಯಮ್ಮನಹಳ್ಳಿಯಿಂದ ಸರೋಜಮ್ಮ ಬಂದರು. ಮೂವತ್ತು ವರ್ಷ ನಾಟಕದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವರು. ಕೊಟ್ರೇಶಣ್ಣನಿಗೆ ಬೇಕಾಗಿದ್ದದ್ದೇ ಆ ಕಟ್ಟಿದ ಗಂಟಲು.

ಮೊದಲ ದಿನ ಬೇವಿನ ಮರದ ಎಲೆಗಳನ್ನು ಕೊಡಪಾನದ ನೀರಿನಿಂದ ತೊಳೆಸಿದ. ನಾಳೆ ಧೂಳು ಹೆಚ್ಚಾದರೆ ಮರದ ಬಣ್ಣ ಬೇರೆಯಾಗುತ್ತದಲ್ಲ, ಅದಕ್ಕೆ. ಆಮೇಲೆ ಸರೋಜಮ್ಮನ ಇನ್ನೊಂದು ಸೀರೆಯ ಸೆರಗು ತಲೆಗೆ ಹೊದ್ದು ಕಟ್ಟೆಯ ಮೇಲೆ ಕೂತ. ಮೀಸೆ, ಹೊಟ್ಟೆ, ಅಷ್ಟರಲ್ಲಿ ಮತ್ತೆ ತುಂಬಿದ್ದ ಕೆನ್ನೆ, ಮೇಲೆ ಕೆಂಪಂಚಿನ ಸೆರಗು! ಹಳ್ಳಿಯ ಹೆಂಗಸರು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ನಾನು ಫೋಟೊ ಹೊಡೆದೆ, ಪಟ್ಟಿ ಬರೆದೆ. ನಲವತ್ತೊಂದು ಸಾಲು ಬಂತು. ಗೋಡೆಯ ಬಿರುಕೂ ಅದರಲ್ಲಿತ್ತು.

ಮುಂಜಾನೆಯ ದೃಶ್ಯ ಮುಗಿಯಿತು. ನೆನಪಿನ ದೃಶ್ಯಗಳೂ ಒಂದಿಷ್ಟು ಆದವು. ಸಂಜೆಯ ಕರೆಯುವ ದೃಶ್ಯ ಬಾಕಿ ಇರುವಾಗ ಲೈಟಿನವರಿಬ್ಬರು ಗಣಿಯ ಕೆಲಸ ಸಿಕ್ಕಿತೆಂದು ಹೇಳದೆ ಕೇಳದೆ ಹೋದರು. ಬೇರೆ ಲೈಟಿನವರು ಸಿಕ್ಕರೆ ಸರೋಜಮ್ಮನಿಗೆ ನಾಟಕದ ಕ್ಯಾಂಪು, ಸರೋಜಮ್ಮ ಸಿಕ್ಕರೆ ಲೈಟಿನವರಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಅವತ್ತು ಹಳ್ಳಿಯಿಂದ ಹೊರಡುವಾಗ ಕೊಟ್ರೇಶಣ್ಣ ಹನುಮಂತಪ್ಪನ ಎರಡೂ ಕೈ ಹಿಡಿದು, "ಕಟ್ಟಿ ಮುಟ್ಟಬ್ಯಾಡ್ರಿ, ಗ್ವಾಡಿಗೆ ಸುಣ್ಣ ಬಳಿಬ್ಯಾಡ್ರಿ. ಜಲ್ದಿ ಬರ್ತೀವಿ" ಎಂದು ಬೇಡಿಕೊಂಡ.

ಜಲ್ದಿ ಎಂದದ್ದು ಎಂಟು ತಿಂಗಳಾಯಿತು. ಕಡೆಗೂ ಎಲ್ಲರನ್ನೂ ಕೂಡಿಸಿ ಹೋದೆವು. ಸರೋಜಮ್ಮ ಅದೇ ಸೀರೆ ಉಟ್ಟು, ಅಷ್ಟೇ ಬಳೆ ತೊಟ್ಟು ಕಟ್ಟೆಯ ಮೇಲೆ ಕೂತರು. ನಾನು ಹಳೆಯ ಫೋಟೊ ಹಿಡಿದು ಒಂದೊಂದೇ ಸಾಲಿಗೆ ಗೀಟು ಹಾಕುತ್ತ ಬಂದೆ. ನಲವತ್ತೊಂದೂ ಸರಿ. ಕೊಟ್ರೇಶಣ್ಣ ಕ್ಯಾಮೆರಾಕ್ಕೆ ಕಣ್ಣಿಟ್ಟವನು ತೆಗೆದ, ಮತ್ತೆ ಇಟ್ಟ, ಮತ್ತೆ ತೆಗೆದ.

"ಗುಡ್ಡ ಎಲ್ಲಿ ಹೋತಲೇ?"

ಎತ್ತಿನ ಡುಬ್ಬ ಇರಲಿಲ್ಲ. ಬೆನ್ನು ಅರ್ಧ ಇರಲಿಲ್ಲ. ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಕೆಂಪು, ಅದರ ಮೇಲೆ ಹರಿದಾಡುವ ಲಾರಿಗಳು.

ಹನುಮಂತಪ್ಪ ತಪ್ಪು ಮಾಡಿದವರಂತೆ ಮುಂದೆ ಬಂದರು. "ಸಾರ್, ನೀವು ಹೇಳಿ ಹೋಗಿದ್ದು ಗ್ವಾಡಿದು, ಕಟ್ಟಿದು. ಯುಗಾದಿಗೂ ಸುಣ್ಣ ಹಚ್ಚಲಿಲ್ಲ ನಾವು, ಊರಾಗ ನಮ್ಮದೊಂದ ಮನಿ ಹಂಗ ಉಳೀತು. ಬೀಗರು ಬಂದು ಆಡಿಕೊಂಡ್ರು. ಗುಡ್ಡದ್ದು ನೀವು ಹೇಳಿರಲಿಲ್ಲ." ಆಮೇಲೆ ಕೊಯ್ದ ಗುಡ್ಡದತ್ತ ಕೈ ತೋರಿಸಿ, "ನಾನೂ ಅಲ್ಲೇ ಕೂಲಿಗೆ ಹೋಗ್ತೀನ್ರಿ" ಅಂದರು.

ನನ್ನ ಪಟ್ಟಿಯಲ್ಲಿ ಗುಡ್ಡ ಇರಲಿಲ್ಲ. ಗುಡ್ಡವನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ನಿಜ ಅಷ್ಟೇ ಅಲ್ಲ. ಆ ಎಂಟು ತಿಂಗಳಲ್ಲಿ ನಾನು ಮೂರು ಸಲ ಆ ದಾರಿಯಲ್ಲಿ ಲಾರಿ ಪೂಜೆಗೆ ಹೋಗಿದ್ದೆ. ಗುಡ್ಡ ಸಣ್ಣದಾಗುತ್ತಿದ್ದುದನ್ನು ಕಂಡಿದ್ದೆ. ಅದು ನಮ್ಮ ಗುಡ್ಡ, ಅದರ ಮುಂದೆ ಸರೋಜಮ್ಮ ಕೂತು ತಂಗಿಯನ್ನು ಕರೆಯಬೇಕು ಎಂಬುದು ಮಾತ್ರ ಹೊಳೆಯಲಿಲ್ಲ. ಫೋಟೊ ಹೊಡೆದೆ, ಕೊಟ್ಟ ಪೇಡೆ ತಿಂದೆ, ಬಂದೆ. ಇದನ್ನು ನಾನು ಕೊಟ್ರೇಶಣ್ಣನಿಗೆ ಎಂದೂ ಹೇಳಲಿಲ್ಲ.

"ಟೈಟ್ ಇಡಣ್ಣ, ಬರೇ ಮುಖ. ಗುಡ್ಡ ಕಾಣಲ್ಲ" ಅಂದೆ. ಅವನು ಕಟ್ಟೆಯ ಕೆಳಗೆ ಕೂತು ಮಧ್ಯಾಹ್ನದವರೆಗೆ ಅತ್ತಲೇ ನೋಡಿದ. ಒಮ್ಮೆ ಮಾತ್ರ, "ಹಂಪ್ಯಾಗ ಮಾಡಬೇಕಿತ್ತಲೇ. ಅಲ್ಲಿ ಹಾಳಾಗೋದೆಲ್ಲ ಮೊದಲ ಆಗಿ ಮುಗದೈತಿ" ಅಂದ.

ಸಂಜೆಯಾಯಿತು. ಸರೋಜಮ್ಮನೇ ಕೇಳಿದರು: "ಏನಪ್ಪ, ಕರೀಲೋ ಬ್ಯಾಡೋ ನನ್ನ ತಂಗೀನ?"

"ಕರಿಯವ್ವಾ" ಅಂದು ಅವನು ಎದ್ದ. ಕ್ಯಾಮೆರಾವನ್ನು ಮೊದಲಿದ್ದಲ್ಲೇ ಇಟ್ಟ, ಒಂದು ಬೆರಳೂ ಸರಿಸಲಿಲ್ಲ. ಸರೋಜಮ್ಮ ಕೊಯ್ದ ಗುಡ್ಡದ ಕಡೆ ಒಮ್ಮೆ ತಿರುಗಿ ನೋಡಿ, ಗಂಟಲು ಸರಿಮಾಡಿಕೊಳ್ಳದೆ ಹಾಗೇ ಕರೆದರು. ಆ ದನಿ ಕೇಳಿ ಬಾಗಿಲಲ್ಲಿ ನಿಂತ ಹನುಮಂತಪ್ಪನ ಹೆಂಡತಿ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು, ಯಾಕೆ ಮುಚ್ಚಿಡಲಿ.

ಕಂತುಗಳು ಚಾನೆಲ್ಲಿಗೆ ಹೋದವು. ತಿಂಗಳು ಕಳೆದ ಮೇಲೆ ಫೋನು ಬಂತು. ಅವನು ನನ್ನ ಸ್ಟುಡಿಯೊದಲ್ಲೇ ನಿಂತು, "ಹೌದ್ರಿ, ಹೌದ್ರಿ" ಎಂದಷ್ಟೇ ಮಾತಾಡಿ ಫೋನಿಟ್ಟ. ಕಥೆ ಚೆನ್ನಾಗಿದೆಯಂತೆ, ಮುದುಕಿ ಚೆನ್ನಾಗಿ ಮಾಡಿದ್ದಾಳಂತೆ. ಆದರೆ ಮುಂಜಾನೆ ಒಂದು ಗುಡ್ಡ, ಸಂಜೆ ಇನ್ನೊಂದು ಗುಡ್ಡ, ಇಷ್ಟು ದೊಡ್ಡ ಕಂಟಿನ್ಯೂಟಿ ತಪ್ಪು ಮಾಡುವವರ ಕೈಗೆ ಧಾರಾವಾಹಿ ಕೊಡುವುದು ಹೇಗೆ ಅಂದರಂತೆ.

"ನನ್ನ ಮುಖ ಸೊರಗಿದಾಗ ನನ್ನ ತಗದ್ರು" ಅಂದ ಕೊಟ್ರೇಶಣ್ಣ. "ಈಗ ಗುಡ್ಡ ಸೊರಗೈತಿ. ಈಗ್ಲೂ ನನ್ನ ತಗದ್ರು."

ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಮೇಲೆ ಅವನು ಮಾಡಿದ ನಿರ್ದೇಶನವೆಂದರೆ ನನ್ನ ಜೊತೆಗೆ ಗೃಹಪ್ರವೇಶ, ಸೀಮಂತ, ಲಾರಿ ಪೂಜೆಗಳ ವಿಡಿಯೊ. ಸಂಡೂರಿನಲ್ಲಿ ಒಬ್ಬರ ಹೊಸ ಮನೆಯಲ್ಲಿ, ಯಜಮಾನರು ಅಂಗಿ ಬದಲಿಸಿ ಬಂದರೆ ಇವನು ಸುಮ್ಮನೆ ಕ್ಯಾಮೆರಾ ಓಡಿಸಿದ. "ಅಣ್ಣ, ಅಂಗಿ ಬ್ಯಾರೆ ಆತು" ಎಂದು ನಾನೇ ನೆನಪಿಸಿದೆ. "ಆಗವಲ್ದ್ಯಾಕ, ಬಿಡು" ಅಂದ. ಅವತ್ತು ನನಗೆ ಹೆದರಿಕೆಯಾಯಿತು.

ಕೊನೆಯ ಸಲ ಸಿಕ್ಕದ್ದು ಟಿ.ಬಿ. ಡ್ಯಾಂ ಬಸ್ಸಿನಲ್ಲಿ. ಗಣಿಗಳು ನಿಂತು, ಲಾರಿಗಳು ಸಾಲಾಗಿ ತುಕ್ಕು ಹಿಡಿಯುತ್ತ ನಿಂತಿದ್ದ ಕಾಲ. ಕೆನ್ನೆ ಮತ್ತೆ ಕುಳಿ ಬಿದ್ದಿತ್ತು. ಕಿಟಕಿಯ ಪಕ್ಕ ಜಾಗ ಬಿಟ್ಟು, "ಕುಂದ್ರು" ಅಂದ. ಇಳಿಯುವಾಗ, "ಆ ಶೂಟಿಂಗಿನ ಫೋಟೊ ಎಲ್ಲ ಇಟ್ಟೀಯಲ್ಲ?" ಎಂದು ಕೇಳಿದ. ಇಟ್ಟಿದ್ದೇನೆ ಅಂದೆ. ಎರಡು ತಿಂಗಳಿಗೆ ಅವನು ತೀರಿಹೋದ ಸುದ್ದಿ ಬಂತು.

ಹದಿನೈದು ದಿನ ಬಿಟ್ಟು ಅನ್ನಪೂರ್ಣಕ್ಕ ಸ್ಟುಡಿಯೊಗೆ ಬಂದರು. ಚೀಲದಿಂದ ಆ ಧಾರಾವಾಹಿಯ ಫೋಟೊ ತೆಗೆದು ಮೇಜಿನ ಮೇಲೆ ಮಗುಚಿ ಇಟ್ಟರು. "ಮನ್ಯಾಗ ಇರೋದು ಇದೊಂದ. ಇದನ್ನ ಮಾತ್ರ ಹಾಕಬ್ಯಾಡ ಅಂದಿದ್ರು. ನಿನ್ನ ಹತ್ರ ಬ್ಯಾರೆ ಯಾವುದಾರ ಐತೇನಪ್ಪ?"

ಹುಡುಕಿದೆ. ನೂರಾರು ಫೋಟೊಗಳಲ್ಲಿ ಬಳೆ, ತಟ್ಟೆ, ಬಿರುಕು. ಆಮೇಲೆ ಅದು ಸಿಕ್ಕಿತು: ಕಟ್ಟೆಯ ಮೇಲೆ ಕೊಟ್ರೇಶಣ್ಣ. ಹೆಂಗಸರು ನಕ್ಕದ್ದಕ್ಕೆ ನಾಚಿ ಸೆರಗನ್ನು ತಲೆಯಿಂದ ಭುಜಕ್ಕೆ ಇಳಿಸಿದ ಗಳಿಗೆ. ಕೆಂಪಂಚು ಶಲ್ಯದ ಹಾಗೆ ಕಾಣುತ್ತಿತ್ತು. ತುಂಬಿದ ಕೆನ್ನೆ. ಹಿಂದೆ ಇಡೀ ಗುಡ್ಡ, ಡುಬ್ಬ ಸಮೇತ.

ಅನ್ನಪೂರ್ಣಕ್ಕ ಬಹಳ ಹೊತ್ತು ನೋಡಿದರು. "ಇದಾ ಹಾಕು. ಹಿಂದಿಂದು ತಗದು ನೀಲಿ ಮಾಡಿಬಿಡು, ಎಲ್ಲಾರಿಗೂ ಮಾಡ್ತೀಯಲ್ಲ ಹಂಗ."

ಹೌದು, ಎಲ್ಲರಿಗೂ ಮಾಡುತ್ತೇನೆ. ಸತ್ತವರ ಹಿಂದಿನ ಬಾಗಿಲು, ಹಗ್ಗದ ಮೇಲಿನ ಬಟ್ಟೆ, ಪಕ್ಕದಲ್ಲಿ ನಿಂತವರ ಭುಜ ಎಲ್ಲವನ್ನೂ ಅಳಿಸಿ ನೀಲಿ ತುಂಬುವುದೇ ನನ್ನ ಕಸುಬು. ಐದು ನಿಮಿಷದ ಕೆಲಸ.

"ಗುಡ್ಡ ಇರ್ಲಿ ಅಕ್ಕಾ" ಅಂದೆ. "ಅದು ಅಣ್ಣನ ಶಾಟಿಂದು."

"ಇರ್ಲಿ ಬಿಡು ಹಂಗಾರ" ಅಂದರು ಅವರು. ಮತ್ತೆ ಬಗ್ಗಿ ನೋಡಿದರು. "ಎಷ್ಟು ಚಂದ ಐತಿ. ಎಲ್ಲೀದು ಇದು?"

"ಬಂಡ್ರಿ ಕಡೀದು."

"ನನಗ ಒಮ್ಮೆನೂ ಹೇಳಲಿಲ್ಲ ನೋಡು. ನಾನೂ ಕೇಳಲಿಲ್ಲ. ತಿಂಗಳಿನ ಕಾರ್ಯ ಮುಗೀಲಿ, ಒಮ್ಮೆ ಕರಕೊಂಡು ಹೋಗಪ್ಪ. ಅವರು ಕುಂತಿದ್ದ ಕಟ್ಟಿ, ಆ ಗುಡ್ಡ, ನೋಡಿ ಬರ್ತೀನಿ."

ಆಗಲಿ ಅಕ್ಕಾ ಅಂದೆ. ಅಂದು, ಫೋಟೊದ ಕಟ್ಟಿಗೆ ಬೇಕಾದ ಮೊಳೆ ಹುಡುಕುವವನ ಹಾಗೆ ಒಳಗೆ ಹೋಗಿ ನಿಂತುಕೊಂಡೆ.