ದೋಣಿಯ ಮೋಟರು ಸರಿಹೋದ ದಿನ

ಬೇಲೂರಿನಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಲೇ ಮುದುಕನಾದವನು ನಾನು. ಈಗ ಎಲ್ಲರೂ ಶೋರೂಮಿಗೇ ಹೋಗುತ್ತಾರೆ. ಹೋಗಲಿ, ನನಗೇನು! ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಕೆಲವು ದಿನ ಬೆಳಗ್ಗೆ ಹಾಲಿನವಳಿಗೆ "ಅರ್ಧ ಲೀಟರ್ ಸಾಕಮ್ಮ" ಅಂದರೆ ಆ ದಿನದ ಮಾತು ಮುಗಿದ ಹಾಗೇ.

ಅಂಥದ್ದರಲ್ಲಿ ತಿಂಗಳಿಗೊಮ್ಮೆಯಾದರೂ ತಪ್ಪದೆ ಬರುತ್ತಿದ್ದವನು ಯಗಚಿ ಹಿನ್ನೀರಿನಲ್ಲಿ ಜನರನ್ನು ದೋಣಿಯಲ್ಲಿ ಸುತ್ತಾಡಿಸುವ ಒಬ್ಬ ಆಸಾಮಿ. ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಮೋಟರನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಬರುವನು.

"ಯಜಮಾನ್ರೇ, ಮತ್ತೆ ಕೆಮ್ತಾ ಐತೆ."

"ನಿನ್ ತಲೆ! ಪೆಟ್ರೋಲಿಗೆ ಆಯಿಲ್ ಸರಿಯಾಗಿ ಬೆರೆಸ್ತೀಯೇನೋ? ಎಷ್ಟು ಸಲ ಬಡ್ಕೊಳ್ಳಲಿ ನಿಂಗೆ?" ಎಂದು ನಾನು ಶುರು ಹಚ್ಚಿಕೊಳ್ಳುವೆ. ಅವನು ತಲೆ ತಗ್ಗಿಸಿ ಬೈಸಿಕೊಳ್ಳುವನು.

ಮೋಟರನ್ನು ನೀರು ತುಂಬಿದ ಡ್ರಮ್ಮಿಗೆ ಸಿಕ್ಕಿಸಿ ಚಾಲೂ ಮಾಡುತ್ತಿದ್ದೆವು. ಅದಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬೋರೇಟರು ಎರಡು. ಎರಡೂ ಒಟ್ಟಿಗೇ ಬಾಯಿ ತೆರೆಯಬೇಕು, ಇಲ್ಲದಿದ್ದರೆ ಒಂದು ಎಳೆದರೆ ಇನ್ನೊಂದು ಮುಗ್ಗರಿಸುತ್ತದೆ. ಅವನು ಆಕ್ಸಿಲರೇಟರ್ ಹಿಡಿದು ನಿಲ್ಲುವನು, ನಾನು ಸ್ಕ್ರೂ ಒಂಚೂರು ಒಳಗೆ, ಒಂಚೂರು ಹೊರಗೆ ತಿರುಗಿಸುತ್ತಾ ಕಿವಿಗೊಡುವೆ. ಸದ್ದು ಹದಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಕಾಫಿ. ಹಳೇಬೀಡಿನ ಮೇಷ್ಟರೊಬ್ಬರು ದೋಣಿಯಲ್ಲಿ ಹೆದರಿ ಹೆಂಡತಿಯ ಸೆರಗು ಹಿಡಿದು ಕೂತದ್ದು, ಅರಸೀಕೆರೆಯ ಕಾಯಿ ವ್ಯಾಪಾರಿ ಮೊಬೈಲನ್ನು ನೀರಿಗೆ ಬೀಳಿಸಿಕೊಂಡದ್ದು, ಇಂಥವನ್ನೆಲ್ಲ ಅವನು ಹೇಳಿದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಅವನು ಹೋದ ಮೇಲೆ ಎರಡು ಲೋಟ ತೊಳೆಯುವುದೂ ನನಗೆ ಖುಷಿಯೇ.

ಈ ಬೇಸಿಗೆಯಲ್ಲಿ ಬಂದಾಗ ಮಾತ್ರ ಮುಖ ಸಪ್ಪಗಿತ್ತು.

"ನಡು ನೀರಲ್ಲಿ ನಿಂತೋಯ್ತು ಯಜಮಾನ್ರೇ. ಮಕ್ಳು ಮರಿ ಕೂತಿದ್ವು. ಗಾಳಿ ಬೇರೆ. ಹುಟ್ಟು ಹಾಕಿ ದಡ ಸೇರೋ ಹೊತ್ಗೆ ಜೀವ ಬಾಯಿಗೆ ಬಂದಿತ್ತು."

ಈ ಸಲ ಬೈಯದೆ ಸ್ಪ್ಯಾನರ್ ಎತ್ತಿಕೊಂಡೆ. ಕಾರ್ಬೋರೇಟರ್ ಬಿಟ್ಟು, ಮೇಲಿನ ಫ್ಲೈವೀಲನ್ನೇ ಬಿಚ್ಚಿ ನೋಡಿದೆ. ಥೂ! ಆ ಚಕ್ರ ಜರುಗದಂತೆ ಹಿಡಿಯುವ ಉಗುರಿನಷ್ಟು ಕಬ್ಬಿಣದ ಚೂರು ಅರ್ಧ ಸವೆದುಹೋಗಿತ್ತು. ಚಕ್ರ ಜರುಗಿದಂತೆಲ್ಲ ಟೈಮಿಂಗ್ ತಪ್ಪಿ, ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರುತ್ತಿತ್ತು. ಇಷ್ಟು ದಿನ ಕಾರ್ಬೋರೇಟರನ್ನು ತಿರುಚಿ ತಿರುಚಿ ಅದಕ್ಕೆ ನಾವು ತೇಪೆ ಹಾಕುತ್ತಿದ್ದೆವು ಅಷ್ಟೆ. ಈ ಚೂರು ಬದಲಿಸಿದರೆ ಕೆಲಸ ಮುಗಿಯಿತು, ಅವನು ಮತ್ತೆ ಬರಬೇಕಾಗಿಯೇ ಇಲ್ಲ.

ಅದು ಹೊಳೆದದ್ದೇ ನನ್ನ ಕೈ ನಿಂತಿತು. ಹಳೆಯದನ್ನೇ ಕೂರಿಸಿ ಸ್ಕ್ರೂ ತಿರುಗಿಸಿ ಕಳಿಸಿದರೆ ಇನ್ನೊಂದು ತಿಂಗಳು ಓಡೀತು, ಆಮೇಲೆ ಮತ್ತೆ ಬಂದಾನು. ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ತುಂಬಾ ಆಸೆಯಾಯಿತು. ಆದರೆ ಆ ದೋಣಿಯಲ್ಲಿ ಮಕ್ಕಳು ಕೂರುತ್ತವಲ್ಲ. ಮೋಟರನ್ನು ಅಂಗಡಿಯಲ್ಲೇ ಇಟ್ಟುಕೊಂಡು ಅವನನ್ನು ಕಳಿಸಿ, ಹಾಸನದಿಂದ ಹೊಸ ಚೂರು ತರಿಸಿ ಕೂರಿಸಿದೆ. ಗುರುತಿಗೆ ಗುರುತು ಹೊಂದಿಸಿ ಟೈಮಿಂಗ್ ಇಟ್ಟೆ. ಅವನನ್ನು ಕರೆಸಿ, ಎರಡೂ ಕಾರ್ಬೋರೇಟರುಗಳನ್ನು ಮೊದಲಿನಿಂದ ಸರಿಮಾಡಿದೆ.

ಚಾಲೂ ಮಾಡುವ ಹಗ್ಗ ಒಮ್ಮೆ ಎಳೆದದ್ದಕ್ಕೇ ಮೋಟರು ಸ್ಟಾರ್ಟ್ ಆಯಿತು. ಡ್ರಮ್ಮಿನ ನೀರು ಒಂದೇ ಸಮನೆ ಗಿರಗಿರ ಸುತ್ತತೊಡಗಿತು. ಎಂಥ ಸದ್ದು ಅಂತೀರಿ! ನನಗೇ ಹೆಮ್ಮೆಯಾಯಿತು. ಅವನಂತೂ ಕುಣಿದುಬಿಟ್ಟ. ಮೋಟರನ್ನು ಆಟೋಗೆ ಏರಿಸಿ, ವಾಪಸು ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ನಂಗೂ ನಾಚ್ಕೆ ಆಗೋದು ಯಜಮಾನ್ರೇ, ಪದೇ ಪದೇ ಬಂದು ನಿಮ್ ಪ್ರಾಣ ತಿನ್ನೋಕೆ. ಇನ್ ಮೇಲೆ ನಿಮ್ಗೆ ತೊಂದ್ರೆ ಕೊಡಾಕಿಲ್ಲ."

ಮೋಟರು ಸರಿಯಿದ್ದರೂ ಸುಮ್ಮನೆ ಬಾರೋ ಅನ್ನಬೇಕಿತ್ತು.

"ಹೂಂ, ಹೊರಡು ಹೊರಡು, ಆಟೋದವನು ಕಾಯ್ತಿದಾನೆ" ಅಂದೆ.

ಅವನು ಹೊರಟೇಬಿಟ್ಟ.