ಕುಂಕುಮ ಕೊಟ್ಟು ಊರು ಕೇಳದೆ ಬಂದದ್ದು

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ಟೋಕಿಯೋದಲ್ಲಿ, ನಮ್ಮವರು ಹೆಚ್ಚಾಗಿರುವ ಓಜಿಮಾ ಬಡಾವಣೆಯಿಂದ ಎರಡು ಸ್ಟೇಷನ್ ಆಚೆ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಸೈಕೋಅನಲಿಸ್ಟ್ ಆಗಿ ಕೆಲಸ ಮಾಡುತ್ತಿದ್ದೆ. ಈ ಕೆಲಸದಲ್ಲಿ ಮಾತ್ರೆ ಬರೆಯುವುದಿಲ್ಲ. ಪೇಷಂಟ್ ವಾರವಾರವೂ ಅದೇ ದಿನ, ಅದೇ ಹೊತ್ತಿಗೆ ಬಂದು ಐವತ್ತು ನಿಮಿಷ ಮನಸ್ಸಿಗೆ ಬಂದದ್ದನ್ನು ಹೇಳಬೇಕು, ನಾವು ಕೇಳಬೇಕು. ಇಷ್ಟೇನಾ ಎನ್ನುವವರು ಒಂದು ದಿನ ಆರು ಜನರ ಮಾತು ಕೇಳಿ ನೋಡಲಿ. ಸಂಜೆ ಮನೆಗೆ ಹೋದರೆ, ಸಾರಿಗೆ ಉಪ್ಪು ಸಾಕಾ ಎಂದು ಗಂಡ ಕೇಳಿದರೂ ಉತ್ತರಿಸುವ ಶಕ್ತಿ ಇರುತ್ತಿರಲಿಲ್ಲ.

ನನಗೆ ಇದನ್ನು ಕಲಿಸಿದ ಸೆನ್ಸೇ, ಅಂದರೆ ಗುರುಗಳು, ಜಪಾನಿನಲ್ಲಿ ಈ ವೃತ್ತಿ ಹಿಡಿದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಗಂಡಸು ಡಾಕ್ಟರುಗಳ ಸಭೆಯಲ್ಲಿ ಹನ್ನೊಂದು ವರ್ಷ ಟೀ ಹಂಚಿದ ಮೇಲೆ ಅವರಿಗೆ ತಮ್ಮದೊಂದು ಕೇಸು ಓದಲು ಅವಕಾಶ ಸಿಕ್ಕಿತಂತೆ. ಅವರ ಕಟ್ಟುನಿಟ್ಟಿನ ನಿಯಮವೊಂದಿತ್ತು: ಕೋಣೆಯ ಹೊರಗೆ ಪೇಷಂಟ್ ಎದುರಾದರೆ ಗುರುತು ತೋರಿಸಬಾರದು. ರೈಲಿನಲ್ಲಿ ಪಕ್ಕದವರ ಮುಖ ಯಾರೂ ನೋಡದ ಈ ಊರಿನಲ್ಲಿ ಅದು ಉಪಕಾರವೇ. ನಾನೂ ಚಾಚೂ ತಪ್ಪದೆ ಪಾಲಿಸುತ್ತಿದ್ದೆ.

ಶಾಲಿನಿ ಎಂದು ಕರೆಯೋಣ, ನಿಜವಾದ ಹೆಸರು ಬೇಡ. ಮೈಸೂರಿನವಳು, ಮೂವತ್ಮೂರು ವರ್ಷ, ಗಂಡ ಸಾಫ್ಟ್‌ವೇರ್. ನಿದ್ದೆ ಬರುವುದಿಲ್ಲ ಎಂದು ಪ್ರತಿ ಮಂಗಳವಾರ ಬರುತ್ತಿದ್ದಳು. ಹಿಂದೆ ಹಮಾಮತ್ಸು ಎಂಬ ಊರಿನಲ್ಲಿದ್ದಾಗ ಎಂಟು ತಿಂಗಳ ಗರ್ಭ ಹೋಗಿತ್ತು. ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದವಳು ಐದು ತಿಂಗಳಾದರೂ ಮತ್ತೆ ಎತ್ತಿರಲಿಲ್ಲ. ಓಜಿಮಾದ ಕನ್ನಡದವರಿಗೆ ಈ ಸಂಗತಿಯೂ ಗೊತ್ತಿರಲಿಲ್ಲ, ಅವಳು ನನ್ನಲ್ಲಿಗೆ ಬರುವುದೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂಬುದೊಂದೇ ಅವಳ ಬೇಡಿಕೆ.

ಆ ಆಗಸ್ಟಿನಲ್ಲಿ ಗೀತಾ ಎಂಬವರ ಫ್ಲಾಟಿನಲ್ಲಿ ವರಮಹಾಲಕ್ಷ್ಮಿ. ಶುಕ್ರವಾರದ ಅರಿಶಿನ ಕುಂಕುಮವನ್ನು ಎಲ್ಲರಿಗೂ ರಜೆ ಎಂದು ಶನಿವಾರಕ್ಕೆ ತಳ್ಳಿದ್ದರು. ಹೋದರೆ, ಹದಿನಾಲ್ಕು ಹೆಂಗಸರ ಸಾಲಿನಲ್ಲಿ ಶಾಲಿನಿಯೂ ಕೂತಿದ್ದಾಳೆ. ನೀವೇ ಹಿರಿಯರು ಎಂದು ಗೀತಾ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಒಬ್ಬೊಬ್ಬರಿಗೂ ಕುಂಕುಮ ಕೊಡುತ್ತಾ, "ಹೆಸರೇನಮ್ಮ, ಯಾವ ಊರು?" ಎಂದು ಕೇಳುತ್ತಾ ಬಂದೆ. ಶಾಲಿನಿಯ ಮುಂದೆ ನಿಯಮ ನೆನಪಾಯಿತು. ಅವಳ ಸೀರೆಯಂಚು ನೋಡಿಕೊಂಡು ಕುಂಕುಮ ಕೊಟ್ಟು, ಏನೂ ಕೇಳದೆ ಮುಂದಿನವಳಿಗೆ ಹೋದೆ.

"ಯಾಕೆ ಮೇಡಂ, ಶಾಲಿನಿ ಊರು ಕೇಳ್ಲೇ ಇಲ್ಲ? ಮೊದ್ಲೇ ಪರಿಚಯಾನಾ?" ಎಂದರು ಗೀತಾ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನು ಏನು ಕೆಲಸ ಮಾಡುವವಳೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಸಂಬರಿ ಬಂತು, ಮಾತು ಬೇರೆ ಕಡೆ ಹೋಯಿತು.

ಮುಂದಿನ ಮಂಗಳವಾರ ಅವಳು ಬರಲಿಲ್ಲ. ಸೆನ್ಸೇಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದ ಅವರು ಬೈಯಲಿಲ್ಲ. "ಆ ಗಂಟೆ ಅವರದು. ಬಾರದಿದ್ದರೂ ಅವರದೇ. ಎದ್ದು ಹೋಗಬೇಡಿ" ಎಂದರು. ಹೀಗೆ ಮೂರು ಮಂಗಳವಾರ ಖಾಲಿ ಕುರ್ಚಿಯೆದುರು ಐವತ್ತೈವತ್ತು ನಿಮಿಷ ಕೂತೆ. ಕೆಳಗಿನಿಂದ ಹಲ್ಲು ಕೊರೆಯುವ ಸದ್ದು ಬರುತ್ತಿತ್ತು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅಷ್ಟು ದಣಿದದ್ದಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಗಿತ್ತು.

ನಾಲ್ಕನೆಯ ವಾರ ಬಂದಳು. ಕೂರಲಿಲ್ಲ.

"ಅವತ್ತಿಂದ ನಮ್ ಬಿಲ್ಡಿಂಗ್ ಲಿಫ್ಟಲ್ಲಿ ಎಲ್ಲಾ ಕೇಳ್ತಾರೆ, ಆರ್ ಯೂ ಓಕೆ ಅಂತ. ಅದು ಹೋಗ್ಲಿ ಮೇಡಂ. ಹಮಾಮತ್ಸುನಲ್ಲಿ ಮಗೂನ ಬಿಳಿ ಬಟ್ಟೇಲಿ ಸುತ್ತಿ ತಗೊಂಡು ಹೋದ್ರು. ಆಮೇಲೆ ಯಾರೂ ನನ್ನ ಮುಖ ನೋಡ್ಲಿಲ್ಲ, ನನ್ನ ಗಂಡಾನೂ. ಅವತ್ತು ನೀವೂ ನೋಡ್ಲಿಲ್ಲ."

ನಮ್ಮ ವೃತ್ತಿಯಲ್ಲಿ ಕ್ಷಮೆ ಕೇಳುವ ಪದ್ಧತಿಯಿಲ್ಲ. ಪೇಷಂಟಿನ ಸಿಟ್ಟು ಎಲ್ಲಿಂದ ಬಂತೆಂದು ಹುಡುಕಬೇಕು. ಅವಳು ತಾನೇ ಹುಡುಕಿ ತಂದು ಮುಂದಿಟ್ಟಿದ್ದಳು.

"ತಪ್ಪಾಯ್ತಮ್ಮ," ಎಂದೆ. "ಮತ್ತೆ ಹೊರಗೆ ಸಿಕ್ರೆ ಏನ್ ಮಾಡ್ಲಿ?"

"ಎಲ್ರನ್ನೂ ಕೇಳ್ದಂಗೆ ನನ್ನೂ ಕೇಳಿ," ಎಂದು ಕೂತಳು. ಅಂದು ಐವತ್ತು ನಿಮಿಷವೂ ಮಗುವಿನ ಮಾತೇ ಆಡಿದಳು.

ಗುರುತು ತೋರಿಸದಿರುವುದು ಸೆನ್ಸೇಯ ಊರಿನಲ್ಲಿ ಮರ್ಯಾದೆ. ಎಲ್ಲರೂ ಎಲ್ಲರನ್ನೂ ಮಾತಾಡಿಸುವ ನಮ್ಮವರ ನಡುವೆ ಅದು ಬೆರಳು ಮಾಡಿ ತೋರಿಸಿದ ಹಾಗೆ. ಇಷ್ಟು ತಿಳಿಯಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು, ಅದರ ಬೆಲೆ ತೆತ್ತವಳು ಶಾಲಿನಿ. ಅಲ್ಲಿಂದ ಮುಂದೆ ಹೊಸಬರು ಬಂದ ಮೊದಲ ದಿನವೇ, ಹೊರಗೆ ಸಿಕ್ಕರೆ ಏನು ಮಾಡಲಿ ಎಂದು ಕೇಳಿಬಿಡುತ್ತೇನೆ.

ಮರುವರ್ಷವೂ ಗೀತಾ ಕರೆದರು, ತಟ್ಟೆ ಮತ್ತೆ ನನ್ನ ಕೈಗೇ ಬಂತು. ಹೊಸಬರೇ ಹೆಚ್ಚಿದ್ದರು, ಹಳಬರನ್ನೂ ಬಿಡದೆ ಎಲ್ಲರ ಹೆಸರು, ಊರು ಕೇಳುತ್ತಾ ಬಂದೆ. ಶಾಲಿನಿಯ ಮುಂದೆ ನಿಂತು, ಮುಖ ನೋಡಿ ಕೇಳಿದೆ.

"ಹೆಸರೇನಮ್ಮ, ಯಾವ ಊರು?"

"ಶಾಲಿನಿ. ಮೈಸೂರು," ಎಂದಳು. ಕುಂಕುಮ ಹಚ್ಚಿಕೊಂಡು, "ನಂಗೊಬ್ಳು ಮಗಳಿದ್ಲು ಮೇಡಂ. ಹಮಾಮತ್ಸುನಲ್ಲಿ ಹೋಗ್ಬಿಟ್ಲು," ಎಂದಳು.

ಗೀತಾ ಕೈಯಲ್ಲಿದ್ದ ಕೋಸಂಬರಿ ಪಾತ್ರೆಯನ್ನು ಕೆಳಗಿಟ್ಟು ಅವಳ ಪಕ್ಕ ಬಂದು ಕೂತರು.

"ಹೆಸರೇನಿಟ್ಟಿದ್ದೆ?" ಎಂದು ಕೇಳಿದರು.