ಶಿವಾರಪಟ್ಟಣದಲ್ಲಿ ಕನ್ನಡಿ ಹಿಡಿದದ್ದು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ "ಅವತ್ತು ಏನಾಯ್ತು ಗೊತ್ತಾ" ಎಂದು ದನಿ ತಗ್ಗಿಸಿದರೆ ಸಾಕು, ನಾನು ಉತ್ತರಪತ್ರಿಕೆಗಳನ್ನು ಎತ್ತಿಕೊಂಡು ಹೊರಗೆ ನಡೆಯುತ್ತಿದ್ದೆ. ಇತಿಹಾಸ ಪಾಠ ಮಾಡುವವಳು ನಾನು. ಆಧಾರವಿಲ್ಲದ ಮಾತು ಕೇಳಿದರೆ ಮೈ ಉರಿಯುತ್ತದೆ. ಈಗಲೂ ಉರಿಯುತ್ತದೆ. ಆದ್ದರಿಂದ ಇದನ್ನು ಓದಿ ನಿಮಗೂ ಹಾಗೇ ಆದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಕೈತೊಳೆದುಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕೋಲಾರದ ಕಾಲೇಜೊಂದರಲ್ಲಿ ದೇವಾಲಯಗಳ ಬಗ್ಗೆ ವಿಚಾರ ಸಂಕಿರಣವಿತ್ತು. ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಕಡೆ. ಕೋಲಾರ ಜಿಲ್ಲೆಗೆ ಕಾಲಿಟ್ಟದ್ದು ಅದೇ ಮೊದಲು. ಸಂಕಿರಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಉದ್ಘಾಟಕರು ತಡವಾಗಿ ಬಂದರು, ಬೇಗ ಹೋದರು. ನನ್ನ ಪ್ರಬಂಧಕ್ಕೆ ಕೊಟ್ಟ ಹೊತ್ತಿನಲ್ಲಿ ಅರ್ಧವನ್ನು ಅಧ್ಯಕ್ಷರು ತಮ್ಮ ಹಳೆಯ ಸಾಧನೆಗಳಿಗೆ ಬಳಸಿಕೊಂಡರು. ಸರ್ಟಿಫಿಕೇಟ್ ಕೊಡುವ ಮೇಜಿನ ಮುಂದೆ ಇದ್ದಷ್ಟು ಜನ ಸಭಾಂಗಣದಲ್ಲಿ ಇರಲಿಲ್ಲ. ಆ ಸಿಟ್ಟಿನಲ್ಲೇ ಮಾರನೆಯ ದಿನ ಪ್ರವಾಸದ ಟೆಂಪೊ ಹತ್ತಿದೆ.

ಬೆಳಿಗ್ಗೆ ಕುರುಡುಮಲೆ. ಅಷ್ಟು ದೊಡ್ಡ ಗಣೇಶನ ಮುಂದೆ ನಮ್ಮ ವಿದ್ವಾಂಸರು ನಿಂತದ್ದಕ್ಕಿಂತ ಹೆಚ್ಚು ಹೊತ್ತು ಮುಳಬಾಗಿಲಿನಲ್ಲಿ ದೋಸೆಗೆ ಕಾದರು. ವಾಪಸು ಬರುವಾಗ ಕೋಲಾರದ ಮಾರುಕಟ್ಟೆಯ ಹತ್ತಿರ ಟೊಮೆಟೊ ಲಾರಿಗಳ ಹಿಂದೆ ಸಿಕ್ಕಿಕೊಂಡೆವು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಕಲ್ಲು ಕೊಯ್ಯುವ ಮೆಷಿನ್ನಿನ ಸದ್ದು, ಮೂಗಿಗೆ ಅಡರುವ ಧೂಳು, ರಸ್ತೆಯುದ್ದಕ್ಕೂ ಅರ್ಧಂಬರ್ಧ ದೇವರುಗಳು. ಉಳಿದವರು ಪುಟ್ಟ ಗಣಪತಿಗಳಿಗೆ ಚೌಕಾಸಿ ಮಾಡಲು ನಿಂತರು. ನಾನೂ ನಮ್ಮ ಕಾಲೇಜಿನಲ್ಲೇ ಕನ್ನಡ ಕಲಿಸುವ ಗೆಳತಿ ವನಜಾಳೂ ಒಳಗಿನ ಬೀದಿಗೆ ತಿರುಗಿದೆವು.

ಒಂದು ಮನೆಯ ಜಗಲಿಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿದವರೇ ಎದ್ದು ನಿಂತರು. ಮಡಿಲಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲಿತು.

"ಈಯಮ್ಮೇ! ವಚ್ಚಿಂದಿ ಚೂಡು!" ಎಂದು ಒಳಗೆ ಕೂಗಿದರು. ಇವಳೇ, ಬಂದಿದ್ದಾಳೆ ನೋಡು ಎಂದು ತೆಲುಗಿನಲ್ಲಿ. ಆ ದನಿಯಲ್ಲಿ ಸ್ವಾಗತವಿರಲಿಲ್ಲ.

ಒಳಗಿನಿಂದ ಅವರ ಗಂಡ ಬಂದರು. ಉಳಿ ಹಿಡಿದು ಹಿಡಿದು ಬೆರಳು ಜಡ್ಡುಗಟ್ಟಿದ್ದ ಮುದುಕ, ಶಿಲ್ಪಿ.

"ಏನಮ್ಮಾ, ಈಗ ದಾರಿ ಸಿಕ್ತಾ ನಿಂಗೆ? ಕಲ್ಲು ಮುಗ್ದು ಎಷ್ಟ್ ಕಾಲ ಆಯ್ತು. ಕೈ ನೆಟ್ಟಗಿದ್ದಾಗ ಬರ್ಲಿಲ್ಲ, ನಡುಗೋಕ್ ಶುರುವಾದ್ಮೇಲೆ ಬಂದಿದ್ದೀಯ."

ಯಾರನ್ನೋ ನೋಡಿ ಯಾರೋ ಅಂದುಕೊಂಡಿದ್ದೀರಿ, ಈ ಊರಿಗೆ ನಾನು ಬಂದೇ ಇಲ್ಲ ಎಂದೆ. ಹೆಂಗಸು ಜಗಲಿಯಿಂದ ಇಳಿದು ನನ್ನ ಮುಖದ ಹತ್ತಿರಕ್ಕೇ ಬಂದರು.

"ಸುಳ್ಳು ಹೇಳ್ಬೇಡ. ಇಲ್ಲೇ ಕೂತು ಸಕ್ಕರೆ ಬೇಡ ಅಂತ ಕಾಫಿ ಕುಡ್ದೋಳು ನೀನಲ್ವಾ? ಕುಡ್ದು ಲೋಟ ಬೋರಲು ಹಾಕ್ದೋಳು ನೀನಲ್ವಾ?"

ವನಜಾ ನನ್ನ ಕಡೆ ತಿರುಗಿದಳು. ಕುಡಿದ ಲೋಟವನ್ನು ಬೋರಲು ಹಾಕುವುದು ನನ್ನ ಅಭ್ಯಾಸ. ಅವಳೇ ಎಷ್ಟೋ ಸಲ ಆಡಿಕೊಂಡಿದ್ದಾಳೆ. ಅದರಲ್ಲೇನು, ಲೋಕದಲ್ಲಿ ಸಾವಿರ ಜನಕ್ಕೆ ಆ ಅಭ್ಯಾಸ ಇರಬಹುದು ಎಂದು ನಾನು ರೇಗಿದೆ. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಬಂದು ಸುತ್ತ ನಿಂತಿದ್ದರು. "ಓದ್ದೋರೆಲ್ಲ ಹಿಂಗೇ ಕಣೋ" ಎಂದು ಯಾರೋ ಅಂದರು. ನಾವು ಬಂದ ದಾರಿಗೆ ಅಡ್ಡಲಾಗಿ ಇಬ್ಬರು ಕೈಕಟ್ಟಿ ನಿಂತರು.

ವನಜಾ ನಯವಾಗಿ ವಿಚಾರಿಸಿದ ಮೇಲೆ ವಿಷಯ ಗೊತ್ತಾಯಿತು. ವಿಗ್ರಹಕ್ಕೆ ಕಣ್ಣು ತೆರೆಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಅದರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಎದುರಿಗೆ ಕನ್ನಡಿ ಹಿಡಿಯುತ್ತಾರೆ. ಆ ಮನೆಯ ಪದ್ಧತಿಯಲ್ಲಿ ಕನ್ನಡಿ ಹಿಡಿಯಬೇಕಾದವರು ಮಾಡಿಸಿದವರೇ, ಬೇರೆ ಯಾರೂ ಹಿಡಿಯುವ ಹಾಗಿಲ್ಲ. ಅಲ್ಲಿಯವರೆಗೆ ಬೇರೆ ಕಲ್ಲಿಗೆ ಉಳಿ ಮುಟ್ಟಿಸುವಂತೆಯೂ ಇಲ್ಲ. ನನ್ನಂಥ ಒಬ್ಬಳು ಬಂದು ವಿಗ್ರಹ ಮಾಡಲು ಹೇಳಿ ಹೋದವಳು ಮತ್ತೆ ಬಂದಿಲ್ಲ. ಮುದುಕ ಅಂದಿನಿಂದ ಕೈಕಟ್ಟಿ ಕೂತಿದ್ದಾರೆ. ಈ ನಡುವೆ ಕೈ ನಡುಕ ಹತ್ತಿದೆ.

ಮನೆಯ ಪಕ್ಕದ ಶೆಡ್ಡಿನೊಳಗೆ ಆ ವಿಗ್ರಹವಿತ್ತು. ತಲೆಯಿಂದ ನೆಲದವರೆಗೆ ಅರಿಸಿನದ ಬಟ್ಟೆ, ಅದರ ಮೇಲೆ ಸುತ್ತಿದ ಹಗ್ಗ. ಒಳಗಿನ ಆಕಾರವೇ ತಿಳಿಯುತ್ತಿರಲಿಲ್ಲ.

"ನೀನಲ್ದೇ ಇದ್ರೆ ಒಳಗೆ ಏನಿದೆ ಹೇಳು ನೋಡಣ," ಎಂದರು ಮುದುಕ. "ತಪ್ಪಾದ್ರೆ ನಾನೇ ಕರ್ಕೊಂಡ್ ಹೋಗಿ ಗಾಡಿ ಹತ್ತುಸ್ತೀನಿ."

ಎಷ್ಟು ಸುಲಭ ಎಂದುಕೊಂಡೆ. ತಪ್ಪು ಹೇಳಿದರೆ ಮುಗಿಯಿತು. ಯಾವ ಶಿಲ್ಪಿಯೂ ಯಾವ ಕಾಲಕ್ಕೂ ಕೆತ್ತಲಾರದಂಥದ್ದನ್ನು ಯೋಚಿಸಿದೆ. ಕಿವಿಯೋ ಬೆರಳೋ ಮುಕ್ಕಾದ ವಿಗ್ರಹ ಭಿನ್ನ, ಪೂಜೆಗೆ ಬಾರದು ಎಂಬುದು ನನ್ನ ವಿದ್ಯಾರ್ಥಿಗಳಿಗೂ ಗೊತ್ತು. ಅವರನ್ನು ಅಣಕಿಸುವ ಹಾಗೆಯೇ ಹೇಳಿದೆ.

"ಅದು ದೇವರೇ ಅಲ್ಲ. ಕಾಲು ಚಾಚಿ ಕೂತ ಒಬ್ಬ ಮುದುಕಿ. ತೊಡೆ ಮೇಲೆ ಮೊರ ಇದೆ. ಎಡಗಿವಿ ಇಲ್ಲ."

ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುದುಕ ಹಗ್ಗ ಬಿಚ್ಚಿ ಬಟ್ಟೆ ಸರಿಸಿದರು. ಚಾಚಿದ ಎರಡು ಕಾಲು, ತೊಡೆಯ ಮೇಲೆ ಮೊರ, ಸುಕ್ಕುಗಟ್ಟಿದ ಕೆನ್ನೆ. ಎಡಗಡೆ ಕಿವಿ ಇರಬೇಕಾದ ಕಡೆ ನುಣ್ಣನೆಯ ಕಲ್ಲು. ಕಣ್ಣಿನ ಜಾಗವೂ ಹಾಗೇ ನುಣ್ಣಗಿತ್ತು.

"ಭಿನ್ನ ಬೇಡ ತಾಯಿ ಅಂತ ಎಷ್ಟ್ ಹೇಳ್ದೆ. ನಮ್ಮ ಮನೆದೇವ್ರು, ರೂಪ ಹಿಂಗೇ ಅಂತ ನೀನು ಹಟ ಮಾಡ್ದೆ. ಬೀದಿಯೆಲ್ಲ ನಗ್ತು ನನ್ನ." ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಕಣ್ಣಿಲ್ದೋಳ್ನ ಮನೇಲ್ ಬಿಟ್ಟು ನಾನು ಸಾಯೋದ್ ಹೆಂಗಮ್ಮ?"

ನನಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ, ನನ್ನ ಮುಖ ಇಟ್ಟುಕೊಂಡು ಯಾರೋ ಓಡಾಡುತ್ತಿದ್ದಾರೆ ಎಂದು ಕೆಟ್ಟ ಕೋಪ ಬಂತು. ಆದರೆ ಮುದುಕನ ಬಲಗೈ ಪಂಚೆಯ ಮಗ್ಗುಲಲ್ಲಿ ತನ್ನಷ್ಟಕ್ಕೆ ನಡುಗುತ್ತಿತ್ತು. ಅದನ್ನು ನೋಡಿಕೊಂಡು ಹೊರಟುಬಿಡಲು ನನ್ನಿಂದ ಆಗಲಿಲ್ಲ. ಕನ್ನಡಿ ಕೊಡಿ ಎಂದೆ.

ಗೋಡೆಗೆ ನೇತು ಹಾಕಿದ್ದ ಸಾಧಾರಣ ಕನ್ನಡಿ. ಅದನ್ನು ಎರಡೂ ಕೈಯಲ್ಲಿ ವಿಗ್ರಹದ ಮುಖಕ್ಕೆ ಎದುರಾಗಿ ಹಿಡಿದು ಅದರ ಹಿಂದೆ ನಿಂತೆ. ಮುದುಕ ಪಕ್ಕದಲ್ಲಿ ಮಂಡಿಯೂರಿದರು. ಉಳಿ ಕಲ್ಲಿಗೆ ತಾಗಿದ ಕೂಡಲೇ ಅವರ ಕೈ ನಡುಗುವುದು ನಿಂತಿತು. ಸಣ್ಣ ಸಣ್ಣ ಪೆಟ್ಟು. ನನಗೆ ಕಾಣುತ್ತಿದ್ದದ್ದು ಕನ್ನಡಿಯ ಹಿಂದಿನ ರಟ್ಟು ಮಾತ್ರ. ನಡುವೆ ಒಮ್ಮೆ ಕನ್ನಡಿ ಇದ್ದಕ್ಕಿದ್ದಂತೆ ಭಾರವಾಯಿತು, ಆ ಕಡೆಯಿಂದ ಯಾರೋ ಹಿಡಿದುಕೊಂಡ ಹಾಗೆ. ತೋಳು ಸೋತಿರಬೇಕು. ಹಾಗೆಂದೇ ಅಂದುಕೊಂಡಿದ್ದೇನೆ.

"ಆಯ್ತು," ಎಂದರು. ಹೆಂಗಸು ಓಡಿ ಬಂದು ವಿಗ್ರಹದ ಮುಖಕ್ಕೆ ಬಟ್ಟೆ ಮುಚ್ಚಿದರು. ಉಳಿ ಕೆಳಗಿಟ್ಟ ಮರುಕ್ಷಣವೇ ಮುದುಕನ ಕೈ ಮತ್ತೆ ನಡುಗತೊಡಗಿತು. ಅವರು ಅಲ್ಲೇ ಹುಡಿಯಲ್ಲಿ ಕೂತು ಮಗುವಿನ ಹಾಗೆ ಅತ್ತರು. ಸಮಾಧಾನದ ಅಳು ಅದು, ನೋಡಿದರೇ ತಿಳಿಯುತ್ತಿತ್ತು.

"ತಗೊಂಡ್ ಹೋಗು," ಎಂದರು ಹೆಂಗಸು.

"ಇದು ನನ್ನದಲ್ಲಮ್ಮ."

"ಹಂಗಾದ್ರೆ ಹೋಗು. ಮತ್ತೆ ಈ ಕಡೆ ತಲೆ ಹಾಕ್ಬೇಡ."

ಸುತ್ತ ನಿಂತವರು ದಾರಿ ಬಿಟ್ಟರು. ನಾನು ಹಾಯುವಾಗ ಹೆಂಗಸರು ಸೆರಗು ತಾಗದಂತೆ ಎಳೆದುಕೊಂಡರು. ಮೈಲಿಗೆಯವಳನ್ನು ಊರಿನಿಂದ ಕಳಿಸಿದಂತೆ ನನ್ನನ್ನು ಕಳಿಸಿದರು.

ಟೆಂಪೊದಲ್ಲಿ ವನಜಾ, "ಎಲ್ಲೋ ಪುಸ್ತಕದಲ್ಲಿ ನೋಡಿರ್ತೀಯ ಕಣೇ," ಎಂದಳು. ಹುಡುಕಿದೆ, ಯಾವ ಪುಸ್ತಕದಲ್ಲೂ ಅಂಥ ಮುದುಕಿ ಇಲ್ಲ. ಅಮ್ಮನನ್ನು ಕೇಳಿದೆ. ನಮ್ಮ ಮನೆದೇವರು ವೀರಭದ್ರ, ಮೊರ ಹಿಡಿದ ಮುದುಕಿ ನಮ್ಮ ಕಡೆ ಎಲ್ಲೂ ಇಲ್ಲ. ಬಾಯಿಗೆ ಬಂದ ಸುಳ್ಳು ಹೇಗೆ ನಿಜವಾಯಿತೆಂದು ನನಗೆ ಇಂದಿಗೂ ತಿಳಿದಿಲ್ಲ.

ಈ ವರ್ಷ ನಮ್ಮ ಕಾಲೇಜಿಗೆ ಮಾಲೂರಿನ ಹುಡುಗಿಯೊಬ್ಬಳು ಲೆಕ್ಚರರ್ ಆಗಿ ಬಂದಿದ್ದಾಳೆ. ರಜೆಗೆ ಊರಿಗೆ ಹೋಗಿ ಬರುತ್ತಾಳೆ. ಆ ವಿಗ್ರಹ ಇನ್ನೂ ಅಲ್ಲೇ ಇದೆಯಾ, ಸ್ವಲ್ಪ ನೋಡಿ ಬಾ ಎಂದು ಕೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಕೇಳಿಲ್ಲ. ಇದೆ ಎಂದರೆ ಹೇಗೋ ತಡೆದುಕೊಂಡೇನು. "ಅದೇನ್ ಮೇಡಂ, ನೀವೇ ಬಂದು ತಗೊಂಡ್ ಹೋದ್ರಂತಲ್ಲ" ಎಂದರೆ ಏನು ಮಾಡಲಿ?